ಪಾಚಿ ಇದೆ ನೋಡು

ಆ ಮೆಟ್ಟಿಲುಬಾವಿಯಲ್ಲಿ ನಾನು ಏನು ಹೇಳಿದೆ ಎಂಬುದು ನನಗೆ ಅಕ್ಷರಶಃ ನೆನಪಿದೆ. ಮೂರೇ ಮಾತು. ಅವುಗಳ ಅರ್ಥ ಏನಾಗಿತ್ತು ಎಂಬುದನ್ನು ಗೊತ್ತುಮಾಡಿಕೊಳ್ಳಲು ಮಾತ್ರ ಹಲವು ದಿನ ಹಿಡಿಯಿತು.

ದೆಹಲಿಯಲ್ಲಿ ಸಸ್ಯಶಾಸ್ತ್ರ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆವು. ತರಗತಿಯಲ್ಲಿ ಕನ್ನಡದವರು ಇಬ್ಬರೇ, ನಾನು ಮತ್ತು ನನ್ನ ಗೆಳತಿ. ನನ್ನದು ಮೈಸೂರು ಸೀಮೆ, ಅವಳದು ಉತ್ತರ ಕನ್ನಡ. ಹಳೆಯ ಕಟ್ಟಡಗಳ ಮೇಲೆ ಬೆಳೆಯುವ ಪಾಚಿಗಳನ್ನೂ ಲಿವರ್‌ವರ್ಟ್‌ಗಳನ್ನೂ ಪಟ್ಟಿಮಾಡುವುದು ನಮ್ಮಿಬ್ಬರಿಗೂ ಸೇರಿ ಸಿಕ್ಕಿದ ಕೆಲಸ. ಲಿವರ್‌ವರ್ಟ್ ಎಂದರೆ ಬೇರು, ಕಾಂಡ, ಎಲೆ ಎಂದು ಬೇರೆ ಬೇರೆ ಇಲ್ಲದೆ, ಹಸಿರು ನಾಲಗೆಯ ಹಾಗೆ ಒದ್ದೆ ಕಲ್ಲಿಗೆ ಅಂಟಿಕೊಂಡು ಬೆಳೆಯುವ ಸಣ್ಣ ಸಸ್ಯ. ಬೇಸಿಗೆಯಲ್ಲಿ ಸುಟ್ಟ ಕಾಗದದಂತೆ ಸುರುಟಿಕೊಂಡಿರುತ್ತದೆ. ಮಳೆ ಬಿದ್ದರೆ ಮತ್ತೆ ಹಸಿರಾಗಿ ಬಿಚ್ಚಿಕೊಳ್ಳುತ್ತದೆ. ದೆಹಲಿಯಂಥ ಒಣ ಊರಿನಲ್ಲಿ ಅದನ್ನು ಹುಡುಕಲು ಮಳೆಗಾಲ ಮುಗಿಯುವ ಹೊತ್ತೇ ಸರಿ.

ಸೆಪ್ಟೆಂಬರ್‌ನ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಆ ಬಾವಿಗೆ ಇಳಿದೆವು. ನಾನು ಎಡಗಡೆಯ ಗೋಡೆಯಿಂದ ಒಂದು ಚೂರು ಕೆರೆದು ಕಾಗದದ ಲಕೋಟೆಗೆ ಹಾಕಿ, ಮೇಲೆ ಸ್ಥಳ, ದಿನಾಂಕ ಬರೆಯುತ್ತಿದ್ದೆ. ಅವಳು ನನಗಿಂತ ಎರಡು ಮೆಟ್ಟಿಲು ಮೇಲಿದ್ದಳು. ಕೆಳಗಿನ ಮೆಟ್ಟಿಲುಗಳ ಮೇಲೆ ಕಪ್ಪು ಹಸಿರಿನ ಲೋಳೆ ಹೊಳೆಯುತ್ತಿತ್ತು. ನಾನು ಹೇಳಿದೆ:

"ಪಾಚಿ ಇದೆ ನೋಡು."

"ಹೌದಾ? ಎಲ್ಲಿ?" ಎಂದಳು.

ಅವಳ ದನಿಯಲ್ಲಿ ಸಂತೋಷವಿತ್ತು. ಅದು ನನ್ನ ಕಿವಿಗೆ ಬಿತ್ತು. ಆಮೇಲೆ ಒಂದು ಉಸಿರಿನಷ್ಟು ಹೊತ್ತು ನನಗೆ ಸಿಕ್ಕಿತು. ಆ ಹೊತ್ತಿನಲ್ಲಿ ನಾನು ಲಕೋಟೆಯ ಮೇಲೆ ಇಸವಿ ಬರೆದೆ. ತಲೆಯೆತ್ತಿದಾಗ ಅವಳು ನನ್ನನ್ನು ದಾಟಿ ಆಗಿತ್ತು. ಬಲಗಾಲು ಜಾರಿತು, ಕೈ ಗೋಡೆಯನ್ನು ತಡಕಿತು, ನಾಲ್ಕು ಮೆಟ್ಟಿಲು ಕೆಳಗೆ ಹೋಗಿ ಬಿದ್ದಳು.

ಬಾವಿಯ ಕಾವಲುಗಾರ ಓಡಿ ಬಂದ. ಅವನೂ ನಾನೂ ಸೇರಿ ಅವಳನ್ನು ಮೇಲಕ್ಕೆ ತಂದು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಕಣಕಾಲಿನ ಮೂಳೆ ಮುರಿದಿತ್ತು, ಹುಬ್ಬಿನ ಮೇಲೆ ಮೂರು ಹೊಲಿಗೆ. ಎಡಗೈ ಮಾತ್ರ ಬಿಗಿಯಾಗಿ ಮುಚ್ಚಿತ್ತು. ನರ್ಸ್ ಬಿಡಿಸಿದಾಗ ಒಳಗೆ ಉಗುರಿನಗಲದ ಒಂದು ಲಿವರ್‌ವರ್ಟ್ ಇತ್ತು, ಗೋಡೆ ತಡಕಿದಾಗ ಕಿತ್ತುಬಂದದ್ದು. ಹತ್ತಿಯ ಜೊತೆ ಅದನ್ನೂ ಎಸೆಯಲು ಹೊರಟವರ ಕೈಯಿಂದ ಇಸಿದುಕೊಂಡು ಜೇಬಿಗೆ ಹಾಕಿಕೊಂಡೆ. ಯಾಕೆಂದು ಯೋಚಿಸಲಿಲ್ಲ.

ಮಾರನೆಯ ದಿನ ನಮ್ಮ ಮಾರ್ಗದರ್ಶಕಿ ನನ್ನನ್ನು ಕರೆಸಿದರು. ನಡೆದದ್ದನ್ನು ವಾರದೊಳಗೆ ಒಂದು ಪುಟದಲ್ಲಿ ಬರೆದು ಕೊಡಬೇಕು ಎಂದರು. ಎಚ್ಚರಿಸಿದ ಮೇಲೂ ಅವಳು ಇಳಿದಳೆಂದಾದರೆ ವಿಭಾಗ ಅವಳನ್ನು ಇನ್ನು ಹೊರಗಿನ ಕೆಲಸಕ್ಕೆ ಬಿಡುವುದಿಲ್ಲ, ವಿಷಯ ಬದಲಿಸಿ ಪ್ರಯೋಗಾಲಯದಲ್ಲೇ ಮುಗಿಸಬೇಕಾಗುತ್ತದೆ ಎಂದೂ ತಿಳಿಸಿದರು. ದನಿ ಏರಿಸಲಿಲ್ಲ. ಊರಿನಿಂದ ಇಷ್ಟು ದೂರ ಅವಳು ಬಂದದ್ದೇ ಕಲ್ಲು, ಗೋಡೆ, ಮರಗಳ ಹತ್ತಿರ ಹೋಗಿ ನೋಡುವುದಕ್ಕೆ ಎಂಬುದು ನನಗೆ ಗೊತ್ತಿತ್ತು.

ಹಾಸ್ಟೆಲ್ಲಿನಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆಯತೊಡಗಿದೆ. ಮೊದಲ ಎರಡು ವಾಕ್ಯ ಸಲೀಸಾಗಿ ಬಂದವು. ಮೂರನೆಯದರಲ್ಲಿ ಪೆನ್ನು ನಿಂತಿತು. ಇಂಗ್ಲಿಷಿನಲ್ಲಿ ನೀರಿನ ಲೋಳೆಗೆ ಒಂದು ಪದ, ಗೋಡೆಯ ಮೇಲಿನ ಮೆತ್ತನೆಯ ಹಸಿರಿಗೆ ಇನ್ನೊಂದು. ಮೊದಲನೆಯದನ್ನು ಬರೆದರೆ ನಾನು ಎಚ್ಚರಿಸಿದ ಹಾಗೆ. ಎರಡನೆಯದನ್ನು ಬರೆದರೆ ನಾನೇ ಕರೆದ ಹಾಗೆ. ನನ್ನ ಬಾಯಿಂದ ಬಂದದ್ದು ಪಾಚಿ. ಲೋಳೆಯನ್ನೇ ಹೇಳಿದ್ದೆ ಎಂದು ನನಗೆ ಖಾತ್ರಿಯಿತ್ತು. ಆದರೆ ದಿನವೂ ನಾವು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡುತ್ತಿದ್ದುದನ್ನೂ ಪಾಚಿ ಎಂದೇ ಕರೆಯುತ್ತಿದ್ದೆವು. ಆ ಹಾಳೆಯನ್ನು ನಾಲ್ಕು ಸಲ ಹರಿದೆ.

ಐದನೆಯ ದಿನ ಬಸ್ಸು ಹಿಡಿದು ಮಯೂರ್ ವಿಹಾರ್‌ಗೆ ಹೋದೆ. ಅವಳು ಅಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದಳು. ದಾರಿಯುದ್ದಕ್ಕೂ ಮೆಟ್ರೋ ಕಂಬಗಳು ಏಳುತ್ತಿದ್ದವು. ಬಾಗಿಲು ತೆಗೆದ ಅವಳ ಚಿಕ್ಕಮ್ಮ ಬೆಂಗಳೂರಿನವರು. "ಕಲ್ಲುಹೂವು ಓದೋ ಹುಡುಗಿ ನೀನೇನಾ? ಅದನ್ನ ನಾನು ಬಿಸಿಬೇಳೆಬಾತ್ ಪುಡಿಗೆ ಹುರಿದು ಹಾಕ್ತೀನಿ, ನೀವು ಕಾಲು ಮುರ್ಕೊಂಡು ಓದ್ತೀರಿ," ಎಂದು ಒಳಗೆ ಕರೆದರು.

ಗೆಳತಿ ಪ್ಲಾಸ್ಟರ್ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದಳು. ವರದಿ ಬರೆದುಕೊಡಬೇಕಾಗಿದೆ ಎಂದು ತಿಳಿಸಿ, ಅವತ್ತು ನಾನು ಹೇಳಿದ್ದು ಏನು ಕೇಳಿಸಿತು ಎಂದು ನೇರವಾಗಿ ಕೇಳಿದೆ.

"ನೀನು ಕರೆದೆ, ನಾನು ಬಂದೆ."

"ನಾನು ಕರೀಲಿಲ್ಲ ಕಣೇ. ಜಾರತ್ತೆ ಅಂತ ಹೇಳ್ದೆ."

"ಜಾರತ್ತೆ ಅನ್ಲಿಲ್ಲ. ಪಾಚಿ ಇದೆ ನೋಡು ಅಂದೆ. ನಾವು ಹೋಗಿದ್ದೇ ಅದಕ್ಕಲ್ವಾ?"

ಅಡುಗೆಮನೆಯಿಂದ ಚಿಕ್ಕಮ್ಮ, ಪಾಚಿ ಇದ್ದ ಮೇಲೆ ಜಾರದೆ ಇನ್ನೇನು ಮಾಡತ್ತೆ ಎಂದರು.

"ಜಾರೋದು ಹಾವಸೆ, ಚಿಕ್ಕಮ್ಮ. ನಮ್ಮ ಮನೇಲಿ ಅಂಗಳ ಜಾರಿದ್ರೆ ಹಾವಸೆ ಅಂತೀವಿ. ಪಾಚಿ ಅಂತ ನಾನು ಕಲಿತದ್ದೇ ಇವಳ ಬಾಯಲ್ಲಿ. ಇವಳು ಗೋಡೆ ಮೇಲಿನ ಹಸಿರಿಗೆಲ್ಲ ಪಾಚಿ ಅಂತಾಳಲ್ಲ!"

ಒಂದೂವರೆ ವರ್ಷ ಅವಳೊಡನೆ ಕನ್ನಡದಲ್ಲೇ ಮಾತಾಡಿದ್ದೆ. ಈ ಪದ ಅವಳ ಮನೆಯದಲ್ಲ ಎಂದು ನನಗೆ ಹೊಳೆದಿರಲಿಲ್ಲ. ಇಷ್ಟೇ ಆಗಿದ್ದರೆ ತಪ್ಪು ಯಾರದ್ದೂ ಅಲ್ಲ ಎಂದು ನಕ್ಕು ಎದ್ದುಬರಬಹುದಿತ್ತು. ಆದರೆ ಆ ಒಂದು ಉಸಿರಿನ ಹೊತ್ತು ಉಳಿದಿತ್ತು. ಅದನ್ನೂ ಹೇಳಿದೆ. ಅವಳ ದನಿಯಲ್ಲಿ ಸಂತೋಷ ಕೇಳಿಸಿದ್ದು, ಎದುರಿಗೆ ಲೋಳೆ ಇರುವಾಗ ಯಾಕೆ ಸಂತೋಷ ಎಂದು ನಾನು ತಲೆಯೆತ್ತಿ ನೋಡಬೇಕಾಗಿದ್ದದ್ದು, ನೋಡದೆ ಇಸವಿ ಬರೆದದ್ದು.

ಅವಳು ದಿಂಬಿನ ಮೇಲಿದ್ದ ಕಾಲನ್ನು ಸರಿಮಾಡಿಕೊಂಡಳು.

"ಅದನ್ನೂ ಬರಿ," ಎಂದಳು. "ನಾನು ಎಲ್ಲಿ ಕಾಲಿಡ್ತಿದೀನಿ ಅಂತ ನೋಡ್ಲಿಲ್ಲ ಅಂತಾನೂ ಬರಿ. ಎರಡೂ ಇರ್ಲಿ."

ಹೊರಡುವ ಮೊದಲು ಚೀಲದಿಂದ ಗಾಜಿನ ತಟ್ಟೆಯೊಂದನ್ನು ತೆಗೆದುಕೊಟ್ಟೆ. ಅವಳ ಮುಷ್ಟಿಯಲ್ಲಿ ಸಿಕ್ಕಿದ್ದ ಚೂರನ್ನು ಒದ್ದೆ ಮಣ್ಣಿನ ಮೇಲೆ ಇಟ್ಟಿದ್ದೆ. ಅಂಚು ನಜ್ಜುಗುಜ್ಜಾಗಿ ಕಂದಿತ್ತು, ತುದಿಯಲ್ಲಿ ಸೀಳಿದಂತಿದ್ದ ಸಣ್ಣ ಕಚ್ಚು ಮಾತ್ರ ಹಸಿರಾಗಿತ್ತು. ಅವಳು ಲೆನ್ಸ್ ಕೇಳಿದಳು. ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿ, ಬೆಳೀತಾ ಇದೆ, ಈ ತುದಿ ಹೊಸದು ಎಂದಳು. ಅದು ನನಗೆ ಅಲ್ಲಿಯವರೆಗೆ ಕಂಡಿರಲಿಲ್ಲ. ಪ್ಲಾಸ್ಟರ್ ತೆಗೆಯುವತನಕ ತಟ್ಟೆಯನ್ನು ಅವಳೇ ಇಟ್ಟುಕೊಂಡಳು.

ವರದಿಯಲ್ಲಿ ಪಾಚಿ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೆಯೇ ಬರೆದು, ನನಗೆ ಏನರ್ಥ, ಅವಳಿಗೆ ಏನರ್ಥ ಎಂದು ಕೆಳಗೆ ತಿಳಿಸಿದೆ. ನಾನು ಲಕೋಟೆಯನ್ನು ನೋಡುತ್ತಿದ್ದೆ ಎಂದೂ, ಅವಳು ಹೆಜ್ಜೆಯನ್ನು ನೋಡಲಿಲ್ಲ ಎಂದೂ ಬರೆದೆ. ಮಾರ್ಗದರ್ಶಕಿ ಅದನ್ನು ಎರಡು ಸಲ ಓದಿದರು. ಆ ಪದವನ್ನು ಬಾಯಿಬಿಟ್ಟು ಹೇಳು ಎಂದರು. ಹೇಳಿದೆ. ಹಿಂದಿಯಲ್ಲೂ ಎರಡಕ್ಕೂ ಕಾಯಿ ಎಂದೇ ಅನ್ನುತ್ತಾರೆ ಎಂದರು. ಕನ್ನಡದಲ್ಲಿ ಕಾಯಿ ಎಂದರೆ ತೆಂಗಿನಕಾಯಿ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಅವರು ನಗಲಿಲ್ಲ, ಆದರೆ ಕನ್ನಡಕ ತೆಗೆದು ಒರೆಸಿಕೊಂಡರು. ಪ್ಲಾಸ್ಟರ್ ತೆಗೆಯುವವರೆಗೆ ಇಬ್ಬರೂ ಹೊರಗೆ ಹೋಗಕೂಡದು, ಆಮೇಲೆ ಹೋಗುವುದಾದರೆ ಜೊತೆಗೇ, ಕೈಯಲ್ಲಿ ಕೋಲು ಹಿಡಿದು ಎಂದು ಪುಟದ ಕೆಳಗೆ ಬರೆದು ಸಹಿ ಮಾಡಿದರು.

ನವೆಂಬರ್ ಕೊನೆಯಲ್ಲಿ ಅದೇ ಬಾವಿಗೆ ಹೋದೆವು. ಮೇಲಿನ ಮೆಟ್ಟಿಲುಗಳು ಒಣಗಿದ್ದವು. ಕಾವಲುಗಾರ ಅವಳ ಕಾಲನ್ನೂ ಕೋಲನ್ನೂ ನೋಡಿ, ಮತ್ತೆ ಬಂದಿರಾ ಎಂದು ಕೇಳಿ ನಮ್ಮ ಹಿಂದೆಯೇ ನಿಂತ. ನಾನು ಮುಂದೆ ಇಳಿದು ಚಪ್ಪಲಿಯ ತುದಿಯಿಂದ ಒಂದೊಂದೇ ಮೆಟ್ಟಿಲನ್ನು ತಿಕ್ಕಿ ನೋಡಿದೆ.

"ಜಾರತ್ತೆ," ಎಂದೆ.

"ಎಲ್ಲಿಂದ?"

"ನಾನು ನಿಂತಿರೋದರ ಕೆಳಗೆಲ್ಲ."

ಅವಳು ಕೋಲನ್ನು ಪಕ್ಕಕ್ಕಿಟ್ಟು, ಮೆಟ್ಟಿಲ ಮೇಲೆ ಕೂತು, ಕೂತಲ್ಲೇ ಒಂದೊಂದು ಮೆಟ್ಟಿಲು ಸರಿಯುತ್ತ ಬಂದಳು. ಕುರ್ತಾದ ಹಿಂಭಾಗವೆಲ್ಲ ಮಣ್ಣಾಯಿತು. ನನ್ನ ಪಕ್ಕಕ್ಕೆ ಬಂದು, ಗೋಡೆಗೆ ಮುಖವಿಟ್ಟು ಲೆನ್ಸ್ ತೆಗೆದಳು. ನನ್ನ ಕೈಯಲ್ಲಿ ಲಕೋಟೆ ಇತ್ತು, ಅದರ ಮೇಲೆ ಇನ್ನೂ ಏನೂ ಬರೆದಿರಲಿಲ್ಲ. ಅವಳು ಸರಿಯಾಗಿ ಕೂತಳು ಎಂದು ನೋಡಿಕೊಂಡ ಮೇಲೆ ಪೆನ್ನು ತೆಗೆದೆ.