ಉಡಿಯಲ್ಲಿ ಬಂದ ದುರ್ಬೀನು

ಮುಳಗುಂದದ ನಮ್ಮ ಓಣಿಯಲ್ಲಿ ಆಗಿನ್ನೂ ಮುಕ್ಕಾಲು ಮನೆಗಳಿಗೆ ಮಣ್ಣಿನ ಮಾಳಿಗೆಯೇ ಇತ್ತು. ಮನೆಗೊಂದು ಮೊಬೈಲು ಬಂದಿತ್ತು, ಆದರೆ ಬೀದಿದೀಪ ಉರಿದರೆ ಅದೇ ಸುದ್ದಿ. ಹಗಲು ಮಾಳಿಗೆಯ ಮೇಲೆ ಮೆಣಸಿನಕಾಯಿ, ಸಂಡಿಗೆ. ಸಂಜೆಯಾದರೆ ನಾವು ಹುಡುಗರು. ಒಣಮೆಣಸಿನ ಘಾಟಿಗೆ ಸೀನುತ್ತ, ಅಂಚಿನ ಮೋಟುಗೋಡೆಯಾದ ಕುಂಬಿಗೆ ಒರಗಿ ಚುಕ್ಕಿ ನೋಡುವುದು. ನನಗೆ ಆ ಹುಚ್ಚು ಹಿಡಿಸಿದವಳು ಆಯಿ, ನಮ್ಮಪ್ಪನ ತಾಯಿ. ಬೀಜ ಬಿತ್ತುವ ಕೂರಿಗೆಯ ತಾಳುಗಳಂತೆ ಸಾಲಾಗಿ ನಿಂತ ಮೂರು ಚುಕ್ಕಿ ತೋರಿಸಿ, "ಗಿರಿಜೀ, ಅಲ್ನೋಡು, ದೇವರು ಕೂರಿಗಿ ಹೂಡ್ಯಾನ" ಎನ್ನುತ್ತಿದ್ದಳು.

ಆ ಆಯಿಯೇ ಒಂದು ಸಂಜೆ ಏಣಿಗೆ ಅಡ್ಡ ನಿಂತಳು. ನಾನು ದೊಡ್ಡವಳಾಗಿದ್ದೆ.

"ಇನ್ನ ಮಾಳಗಿ ಸಾಕು. ದೀಪ ಹಚ್ಚಿದ ಮ್ಯಾಲೆ ದೊಡ್ಡ ಹುಡಿಗ್ಯಾರು ಹತ್ತೂದಿಲ್ಲ."

"ನಿನ್ನಿ ಹತ್ತಿದ್ನಲ್ಲ?"

"ನಿನ್ನಿ ಸಣ್ಣಾಕಿ ಇದ್ದಿ."

ಮೈ ಉರಿದುಹೋಯಿತು. ನಿನ್ನೆಯ ಚುಕ್ಕಿಗಳೇ ಇವತ್ತೂ ಮೂಡುತ್ತವೆ, ನಾನೇನು ತಪ್ಪು ಮಾಡಿದೆ? ಕಾಕಾನ ಮಗ ಮಲ್ಲು ನನ್ನ ವಾರಗೆಯವನು. ಕುಂಬಿಯ ಮೇಲೆ ಕೂತು, ಕಾಲು ಇಳಿಬಿಟ್ಟು, ನನಗೆ ಕೇಳಲೆಂದೇ ಶಿಳ್ಳೆ ಹಾಕುತ್ತಿದ್ದ.

ನನ್ನನ್ನು ಕೋಣೆಯ ಮೂಲೆಯಲ್ಲಿ ಬೇರೆ ಕೂಡಿಸಿದರು. ಏನನ್ನೂ ಮುಟ್ಟುವಂತಿಲ್ಲ, ತಿನ್ನುವುದಕ್ಕೆ ಮಾತ್ರ ಬರವಿಲ್ಲ. ಅವ್ವ ತುಪ್ಪದಲ್ಲಿ ಅಂಟು ಹುರಿದು, ಕೊಬ್ಬರಿ, ಉತ್ತತ್ತಿ ಸೇರಿಸಿ ಉಂಡಿ ಕಟ್ಟಿದ ಘಮ ಇಡೀ ಮನೆ ತುಂಬಿತ್ತು. ಒಂದು ಕೈಯಲ್ಲಿ ಉಂಡಿ ಹಿಡಿದೇ ನಾನು ಸಿಟ್ಟು ಮಾಡುತ್ತಿದ್ದೆ.

ದೊಡ್ಡವಳಾದ ಹುಡುಗಿಗೆ ಆರತಿ ಎತ್ತುವ ದಿನ ಸೋದರಮಾವ ಸೀರೆಯ ಜೊತೆ ಹುಡುಗಿ ಕೇಳಿದ್ದೊಂದು ತರಬೇಕು ಎನ್ನುವುದು ನಮ್ಮ ಮನೆತನದ ಪದ್ಧತಿ. ಅವ್ವನ ತಮ್ಮ ಶೇಖಪ್ಪ ಮಾಮಾ ಹಮ್ಮಿಗಿಯವನು. ಉಳ್ಳಾಗಡ್ಡಿಯ ಲಾರಿ ಹತ್ತಿ ಪುಣೆಗೆ ಹೊರಟವನು ಬಾಗಿಲಲ್ಲೇ ನಿಂತು ಕೇಳಿದ:

"ಏನ ತರ್ಲೆವಾ ನಿನಗ? ಜುಮಕಿ?"

"ದುರ್ಬೀನು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಯಿ ಮಾತ್ರ ನಗಲಿಲ್ಲ. "ತರಲಿ ಬಿಡ್ರಿ. ಆದ್ರ ಸೋದರಮಾವ ಕೊಟ್ಟದ್ದು ಉಡಿಯಾಗ ಹಾಕಬೇಕು. ಉಡಿಯಾಗ ಹಿಡಿಸಿದ್ರ ದುರ್ಬೀನು, ಇಲ್ಲಾಂದ್ರ ಜುಮಕಿ."

ಆಕೆಯ ಲೆಕ್ಕ ನನಗೆ ತಿಳಿಯಿತು. ಆಯಿ ಕಂಡಿದ್ದ ದುರ್ಬೀನು ಒಂದೇ, ಹಿಂದಿನ ವರ್ಷ ನಮ್ಮ ಶಾಲೆಯ ಅಂಗಳದಲ್ಲಿ ಊರಿಗೆಲ್ಲ ತೋರಿಸಿದ್ದು. ಮೂರು ಸಣಕಲು ಕಾಲಿನ ಮೇಲೆ ಉದ್ದನೆಯ ಕೊಳವೆ. ಅದು ಯಾವ ಉಡಿಯಲ್ಲಿ ಹಿಡಿಸೀತು?

ಆದರೆ ಅವತ್ತು ಆಯಿ ನೋಡದ್ದನ್ನು ನಾನು ನೋಡಿದ್ದೆ. ನಮ್ಮ ಸೀಮೆಯ ಗಾಳಿ ಗೊತ್ತಲ್ಲ, ತಲೆಯ ಮೇಲಿನ ಬುಟ್ಟಿಯನ್ನೂ ಬಿಡುವುದಿಲ್ಲ. ಒಂದು ಬೀಸಿಗೆ ಆ ಸಣಕಲು ಕಾಲು ನಡುಗಿ, ಒಳಗಿನ ಗುರುಗ್ರಹ ಕಪ್ಪೆಯಂತೆ ಕುಪ್ಪಳಿಸಿತ್ತು. ವಿಜ್ಞಾನದ ಅಕ್ಕೋರು ಬೇಸರದಿಂದ ಹೇಳಿದ್ದರು: "ತಗೊಳ್ಳೂದಾದ್ರ ಉದ್ದ ನೋಡಿ ಮರುಳಾಗಬ್ಯಾಡ್ರಿ. ಡಬ್ಬಿ ಮ್ಯಾಲೆ ಎಷ್ಟು ಪಟ್ಟು ಅಂತ ಬರದಿರ್ತಾರಲ್ಲ, ಅದನ್ನೂ ನಂಬಬ್ಯಾಡ್ರಿ. ಬಾಯಿ ಅಗಲ ಇರಬೇಕು, ಕೂತದ್ದು ಅಲ್ಲಾಡಬಾರದು." ಆಮೇಲೆ ಒಂದು ಚಿತ್ರ ತೋರಿಸಿದ್ದರು: ಕಾಲೇ ಇಲ್ಲದ, ಮರದ ಪೀಠದ ಮೇಲೆ ಕೂತ ಗಿಡ್ಡ ದುರ್ಬೀನು, ತಂಬಿಗೆಯ ಬಾಯಷ್ಟು ಅಗಲದ ಬಾಯಿ. ಅವತ್ತೇ ಅದು ನನ್ನದು ಎಂದುಕೊಂಡಿದ್ದೆ.

ಪುಣೆಯ ಅಂಗಡಿಯಿಂದ ಮಾಮಾನ ಫೋನು ಬಂತು. ನಾನು ಮೊಬೈಲು ಮುಟ್ಟುವಂತಿಲ್ಲ, ಅವ್ವ ಸ್ಪೀಕರ್ ಹಾಕಿ ದೂರದಲ್ಲಿ ಹಿಡಿದಳು.

"ಗಿರಿಜಾ, ಇಲ್ಲೊಂದು ಉದ್ದಂದು ಭಾರೀ ಐತಿ ನೋಡು! ಐದುನೂರು ಪಟ್ಟು ದೊಡ್ಡದು ಕಾಣಸ್ತೈತಂತ!"

"ಬ್ಯಾಡ ಮಾಮಾ!" ಮೂಲೆಯಿಂದಲೇ ಕೂಗಿದೆ. "ಸುಳ್ಳು ಹೇಳ್ತಾನ ಅಂವ! ಗಿಡ್ಡಂದು ಐತೇನು ಕೇಳು, ಕುಂಡ್ರೂದು! ಬಾಯಿ ಅಗಲ ಇರೂದು!"

"ಐತಿ... ಆದ್ರ ನೋಡಾಕ ಹಾಲಿನ ಕ್ಯಾನ್ ಇದ್ದಂಗ ಐತಲ್ಲವಾ."

"ಅದನ್ನ ತಾ!"

"ನಿನ್ನಂಗ, ಬಾಯೊಂದ ದೊಡ್ಡದು" ಎಂದು ಆಯಿ ಗೊಣಗಿದಳು.

ಆರತಿಯ ದಿನ ಮುತ್ತೈದೆಯರು ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಕುಪ್ಪಸದ ಕಣ. ಮಾಮಾ ಡಬ್ಬಿ ಬಿಚ್ಚಿ ಮೆಲ್ಲಗೆ ಅದನ್ನು ನನ್ನ ಸೆರಗಿನೊಳಗೆ ಇಳಿಸಿದ. ಹಿಡಿಸಿತು! ಕೂಸನ್ನು ಹಿಡಿದಂತೆ ಎರಡೂ ತೋಳಲ್ಲಿ ಹಿಡಿದುಕೊಂಡು ಆಯಿಯ ಮುಖ ನೋಡಿದೆ. ಒಬ್ಬ ಮುತ್ತೈದೆ ನನಗೆ ಕುಂಕುಮ ಹಚ್ಚಿ, ಅದಕ್ಕೂ ಒಂದು ಬೊಟ್ಟಿಟ್ಟಳು.

ಊಟಕ್ಕೆ ಮೊದಲೇ ಕಾಕಾ ತಗಾದೆ ತೆಗೆದ. "ಶಾಸ್ತ್ರ ಆತಲ್ಲ, ಇನ್ನ ಅದನ್ನ ಮಲ್ಲೂಗ ಕೊಡ್ರಿ. ಗಂಡುಹುಡುಗ, ಮ್ಯಾಲೆ ಹತ್ತಿ ನೋಡ್ತಾನ. ಈಕಿ ಇಟಗೊಂಡು ಏನ ಮಾಡ್ತಾಳ?"

ನಾನು ಬಾಯಿ ತೆರೆಯುವುದರೊಳಗೆ ಆಯಿ ಗುಡುಗಿದಳು. "ಉಡಿಯಾಗ ಹಾಕಿದ್ದು ಹೊಳ್ಳಿ ತಗಿಯಾಕ ಬರ್ತೈತೇನೋ? ಅದು ಆಕೀದು!"

"ಹಂಗಾದ್ರ ಮಾಳಗೀನೂ ನಂದು" ಎಂದೆ. "ಕೆಳಗ ಕುಂತ್ರ ಇದರಾಗ ಜಂತಿ ಕಾಣ್ತಾವು, ಚಂದಪ್ಪ ಕಾಣೂದಿಲ್ಲ."

ಯಾರ ಉತ್ತರಕ್ಕೂ ಕಾಯಲಿಲ್ಲ. ದೇವರ ಮುಂದೆ ದೀಪ ಹಚ್ಚಿಯಾಗಿತ್ತು. ಉಡಿಯ ಅಕ್ಕಿಯನ್ನು ಅವ್ವನ ಮೊರಕ್ಕೆ ಸುರಿದು, ದುರ್ಬೀನನ್ನು ಸೆರಗಿನಲ್ಲಿ ಬೆನ್ನಿಗೆ ಕಟ್ಟಿಕೊಂಡು, ಹೊಸ ಸೀರೆಯಲ್ಲೇ ಏಣಿ ಹತ್ತಿದೆ. "ಇಳಿ ಕೆಳಗ!" ಎಂದು ಕಾಕಾ ಅರಚಿದ. ಇಳಿಯಲಿಲ್ಲ. ಸಿಟ್ಟಿಗೆ ಏಣಿಯನ್ನೇ ಎಳೆದು ಹಿತ್ತಲಲ್ಲಿ ಒಗೆದ. ಒಗೆಯಲಿ! ಏಣಿ ಬೇಕಾದದ್ದು ಇಳಿಯುವವರಿಗೆ.

ದುರ್ಬೀನನ್ನು ಕುಂಬಿಯ ಮೇಲೆ ಕೂಡಿಸಿದೆ. ಗಾಳಿ ಸೆರಗನ್ನು ಹಾರಿಸಿತು, ಆದರೆ ದಪ್ಪ ಮಣ್ಣಿನ ಗೋಡೆ ಮೇಲೆ ಅದು ಕೂತಲ್ಲಿಂದ ಅಲುಗಲಿಲ್ಲ. ಅರ್ಧಚಂದ್ರ ಅದರೊಳಗೆ ಬಂದು ನಿಂತ. ಬೆಂದ ರೊಟ್ಟಿಯ ಮೇಲಿನ ಗುಳ್ಳೆ ಒಡೆದಂತೆ ಮೈತುಂಬ ಕುಳಿ, ಕುಳಿಯ ಅಂಚಿನಲ್ಲಿ ನೆರಳು. ನಾನು ಅತ್ತೆ. ಸಂತೋಷಕ್ಕೋ, ಸಿಟ್ಟಿಗೋ, ಎರಡಕ್ಕೂ ಇರಬೇಕು. ಕೆಳಗೆ ಮಂದಿಯೆಲ್ಲ ಉಂಡೆದ್ದರು. ಹೋಳಿಗೆಯ ವಾಸನೆ ಮೇಲೆ ಬರುತ್ತಿತ್ತು, ನನ್ನನ್ನು ಯಾರೂ ಕರೆಯಲಿಲ್ಲ.

ಆಮೇಲೆ ಗೋಡೆಗೆ ಏನೋ ತಾಗಿದ ಸದ್ದು. ಬಗ್ಗಿ ನೋಡಿದರೆ ಆಯಿ. ಹಿತ್ತಲಿನಿಂದ ಏಣಿಯನ್ನು ತಾನೇ ಎಳೆದು ತಂದು ಒರಗಿಸಿ, ಏದುಸಿರು ಬಿಡುತ್ತ ನಿಂತಿದ್ದಳು.

"ಇಳಿದು ಉಣ್ಣು ಬಾ" ಎಂದಳು. ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಉಂಡು ಮತ್ತ ಹತ್ತೀಯಂತ."

ಆಯಿ ಈಗಿಲ್ಲ. ಸಾಯುವತನಕ ಒಂದು ಸಲವೂ ಅದರೊಳಗೆ ಕಣ್ಣಿಟ್ಟು ನೋಡಲಿಲ್ಲ. ಕೇಳಿದರೆ "ನಂದೆಲ್ಲಾ ನೋಡಿ ಆಗೇತಿ" ಎನ್ನುತ್ತಿದ್ದಳು. ಮಣ್ಣಿನ ಮಾಳಿಗೆ ಹೋಗಿ ಸ್ಲ್ಯಾಬು ಬಂತು, ಕುಂಬಿಯಿದ್ದಲ್ಲಿ ನೀರಿನ ಟಾಕಿ ಕೂತಿದೆ. ರಸ್ತೆಯ ಬಿಳಿ ದೀಪ ಬೆಳಗಿನತನಕ ಉರಿಯುತ್ತದೆ, ಗಾಳಿಯಂತ್ರಗಳ ಕೆಂಪು ದೀಪಗಳು ಗುಡ್ಡದುದ್ದಕ್ಕೂ ಕಣ್ಣು ಮಿಟುಕಿಸುತ್ತವೆ. ಆಕಾಶದ ನಡುವೆ ಹಾಲು ಚೆಲ್ಲಿದಂತಿದ್ದ ಆ ಪಟ್ಟಿ ಈಗ ಕಾಣುವುದೇ ಇಲ್ಲ. ಅಷ್ಟು ಕತ್ತಲೆಯನ್ನು ನಾವು ಕಳೆದುಕೊಂಡೆವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಆದರೂ ತವರಿಗೆ ಹೋದಾಗಲೆಲ್ಲ ಕುಂಕುಮದ ಕಲೆಯ ಆ ದುರ್ಬೀನನ್ನು ಹೊತ್ತುಕೊಂಡು ಮೇಲೆ ಹೋಗುತ್ತೇನೆ. ಆಯಿ ತೋರಿಸಿದ ಮೂರು ಚುಕ್ಕಿಯ ಕೂರಿಗೆ ಇನ್ನೂ ಕಾಣುತ್ತದೆ. ಅವ್ವ ಹಳೆಯ ರೂಢಿಯಂತೆ ಕೆಳಗಿನಿಂದ ಕೂಗುತ್ತಾಳೆ: "ದೀಪ ಹಚ್ಚೇನವಾ, ಇಳಿ ಇನ್ನ!"

"ಏಣಿ ಬೇಕಾದ್ರ ಒಯ್ದುಬಿಡಬೇ" ಎನ್ನುತ್ತೇನೆ. ಈಗ ಅಲ್ಲಿರುವುದು ಸಿಮೆಂಟಿನ ಮೆಟ್ಟಿಲು. ಅದನ್ನು ಯಾವ ಕಾಕಾನೂ ಎಳೆದು ಒಗೆಯಲಾರ.