ಸರದಿ ತಪ್ಪಿಸಿದ ಕಬ್ಬು

ಮಂಡ್ಯದ ಕಾಲೇಜೊಂದರಲ್ಲಿ ಶನಿವಾರ, ಭಾನುವಾರ ಕೆಲಸದಲ್ಲಿರುವ ಅಧಿಕಾರಿಗಳಿಗೆ ಎಂಬಿಎ ತರಗತಿ ನಡೆಯುತ್ತದೆ. ಅಲ್ಲಿ ನಾನು ಮ್ಯಾನೇಜೀರಿಯಲ್ ಎಕನಾಮಿಕ್ಸ್, ಬಿಸಿನೆಸ್ ಎಥಿಕ್ಸ್ ಎರಡನ್ನೂ ಹೇಳಿಕೊಡುತ್ತೇನೆ. ಭಾರತೀನಗರದ ಹತ್ತಿರದ ಊರು ನಮ್ಮದು. ನಮ್ಮ ಮನೆಯಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಅದರ ಜಂಬ ನನಗಿದೆ, ಮುಚ್ಚಿಡುವುದಿಲ್ಲ. ಬ್ಯಾಂಕಿನ ಮ್ಯಾನೇಜರುಗಳು, ಕಾರ್ಖಾನೆಯ ಇಂಜಿನಿಯರುಗಳು ನಾನು ಒಳಗೆ ಬಂದರೆ ಎದ್ದು ನಿಲ್ಲುತ್ತಾರೆ.

ಒಂದು ವರ್ಷ ಆ ತರಗತಿಯಲ್ಲಿ ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದ ಅಧಿಕಾರಿಯೊಬ್ಬರಿದ್ದರು. ಯಾರ ಗದ್ದೆಗೆ ಯಾವಾಗ ಕಟಾವಿನ ಆರ್ಡರ್ ಹೋಗಬೇಕೆಂದು ಪಟ್ಟಿ ಮಾಡುವುದು ಅವರ ಕೆಲಸ. ಮೊದಲು ನೆಟ್ಟವರ ಕಬ್ಬು ಮೊದಲು, ನಿಯಮ ಇಷ್ಟೇ. ನಾನು ಅದನ್ನೇ ಪಾಠಕ್ಕೆ ಎಳೆದುಕೊಂಡೆ. ಬೆಲೆಯನ್ನು ಮೊದಲೇ ಗೊತ್ತು ಮಾಡಿಟ್ಟ ಕಡೆ ಸರದಿಯೇ ಸರಕಾಗುತ್ತದೆ, ಅದನ್ನು ಮಾರುವವನೂ ಕೊಳ್ಳುವವನೂ ಹುಟ್ಟಿಕೊಳ್ಳುತ್ತಾರೆ ಎಂದೆ.

"ನಾನಿನ್ನೂ ಮಾರಿಲ್ಲ ಮೇಡಂ" ಎಂದರು ಅವರು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಆ ವಾರವೇ ಊರಿನಿಂದ ಅಣ್ಣ ಫೋನು ಮಾಡಿದ.

"ಆ ಕಬ್ಬಿನ ಆಪೀಸರ್ರು ನಿನ್ ತಾವೇ ಓದ್ತಾವ್ನಂತಲ್ಲ. ನಮ್ ಕಬ್ಬು ಸೂಲಂಗಿ ಬುಡಂಗದೆ. ಒಂದ್ ಮಾತ್ ಯೋಳು ಕಣವ್ವ."

"ಅಂಗೆಲ್ಲ ಕೇಳಕ್ಕಾಯ್ತದಾ ಅಣ್ಣ?"

"ಇಷ್ಟೂ ಕೇಳಕ್ಕಾಗ್ದೆ ಓದಿದ್ದು ಯಾಕವ್ವ?"

ಕಬ್ಬು ಸೂಲಂಗಿ, ಅಂದರೆ ಹೂವು, ಬಿಟ್ಟ ಮೇಲೆ ಒಳಗೆ ಬೆಂಡಾಗುತ್ತದೆ, ತೂಕ ಇಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾನು ಮುಂದೆ ಓದಲೆಂದು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ಅಣ್ಣ. ಶನಿವಾರ ಟೀ ಬಿಡುವಿನಲ್ಲಿ ಆ ಅಧಿಕಾರಿಯನ್ನು ಪಕ್ಕಕ್ಕೆ ಕರೆದು, "ನಮ್ಮಣ್ಣನ ಕಬ್ಬು ಸ್ವಲ್ಪ ನೋಡಿ" ಎಂದೆ. ಅವರ ಮುಖ ಸಣ್ಣದಾಯಿತು. ಟೀ ಲೋಟ ಕೆಳಗಿಟ್ಟು, "ಸರ್ವೆ ನಂಬರ್ ಕಳಿಸಿ ಮೇಡಂ" ಎಂದರು. ಅವರ ಇಂಟರ್ನಲ್ ಅಂಕಗಳು ಇನ್ನೂ ನನ್ನ ಕೈಯಲ್ಲಿದ್ದವು. ಅದು ಇಬ್ಬರಿಗೂ ಗೊತ್ತಿತ್ತು.

ನಾಲ್ಕು ದಿನಕ್ಕೆ ಅಣ್ಣನಿಗೆ ಆರ್ಡರ್ ಬಂತು. ಪಕ್ಕದ ಗದ್ದೆ ಒಬ್ಬ ಮುದುಕಿಯದು, ನಾವೆಲ್ಲ ದೊಡ್ಡವ್ವ ಎನ್ನುತ್ತೇವೆ. ನಮಗಿಂತ ಮೂರು ವಾರ ಮೊದಲೇ ನೆಟ್ಟಿದ್ದಳು. ಕಡಿಯುವ ಆಳುಗಳು ಅವಳ ಬದುವಿನ ಮೇಲೇ ಹಾದು ನಮ್ಮ ಗದ್ದೆಗೆ ಇಳಿದರು. ಮುಂದಿನ ರಜೆಗೆ ನಾನು ಊರಿಗೆ ಹೋದಾಗ ಅವಳ ಕಬ್ಬು ತುಂಬ ಹೂವು ನಿಂತಿತ್ತು.

"ನಿಮ್ದು ಕಡ್ದಾಯ್ತಾ ಅವ್ವ?"

"ಊಂ ದೊಡ್ಡವ್ವ."

"ನಂದು ಮುಂಚ್ಲು ನೆಟ್ಟಿದ್ದು. ಬೆಂಡಾಯ್ತಾ ಅದೆ. ಆಪೀಸ್ಗೆ ಓದ್ರೆ ಪಟ್ಟಿ ಸರ್ಯಾಗದೆ ಓಗಮ್ಮ ಅಂತರೆ. ನೀನು ಓದ್ದೋಳು, ಯಾಕಿಂಗೆ ಅಂತ ಒಸಿ ಕೇಳವ್ವ."

ಕೇಳ್ತೀನಿ ಎಂದೆ. ಕೇಳಲಿಲ್ಲ. ಯಾರನ್ನು ಕೇಳುವುದು?

ತಿಂಗಳ ಕೊನೆಗೆ ಎಥಿಕ್ಸ್ ಟೆಸ್ಟು. ನಿಮ್ಮ ಕೆಲಸದಲ್ಲಿ ಎದುರಾದ ಒಂದು ನೈತಿಕ ಇಕ್ಕಟ್ಟನ್ನು ವಿವರಿಸಿ ಎಂದು ನಾನೇ ಪ್ರಶ್ನೆ ತೆಗೆದಿದ್ದೆ. ಆ ಅಧಿಕಾರಿ ಎರಡು ಪುಟ ಬರೆದಿದ್ದರು. ತಾವು ತುಂಬ ಗೌರವಿಸುವ ಒಬ್ಬರು ಸರದಿ ಮೀರಿ ಆರ್ಡರ್ ಕೇಳಿದ್ದು. ಇಲ್ಲ ಎನ್ನುವ ಧೈರ್ಯ ಬಾರದೆ ಕೊಟ್ಟದ್ದು. ಪಕ್ಕದ ಗದ್ದೆಯ ಅಜ್ಜಿ ಮೂರು ಸಲ ಬಂದಾಗಲೂ ಪಟ್ಟಿ ಸರಿಯಾಗಿದೆ ಎಂದು ಸುಳ್ಳು ಹೇಳಿದ್ದು. ನನ್ನ ಹೆಸರು ಎಲ್ಲೂ ಇರಲಿಲ್ಲ.

ಕೆಂಪು ಪೆನ್ನು ಹಿಡಿದು ಕೂತೆ. ಪೂರ್ತಿ ಅಂಕ ಕೊಟ್ಟರೆ ಬಾಯಿ ಮುಚ್ಚಿಸಿದ ಹಾಗೆ, ಕಡಿಮೆ ಕೊಟ್ಟರೆ ಸೇಡು. ಅಂಥ ಉತ್ತರಕ್ಕೆ ಅಂಕ ಹಾಕುವ ಯೋಗ್ಯತೆ ನನಗಿರಲಿಲ್ಲ. ಆ ಪತ್ರಿಕೆಯನ್ನು ವಿಭಾಗದ ಮುಖ್ಯಸ್ಥರಿಗೆ ಒಯ್ದು ಕೊಟ್ಟು, ಇದನ್ನು ನೀವೇ ನೋಡಿ ಸಾರ್ ಎಂದೆ.

"ಯಾಕೆ ಮೇಡಂ?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಬಾಯಿಗೆ ಬಂದದ್ದು ಬೇರೆ: "ಅವರು ನಮಗೆ ನೆಂಟರಾಗಬೇಕು ಸಾರ್. ನಾನು ನೋಡಿದರೆ ಸರಿಯಾಗಲ್ಲ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಎಥಿಕ್ಸ್ ಪಾಠ ಮಾಡೋರು ಹೀಗಿರಬೇಕು ಮೇಡಂ" ಎಂದರು. ಮುಂದಿನ ಸಿಬ್ಬಂದಿ ಸಭೆಯಲ್ಲಿ ಎಲ್ಲರೆದುರು ಅದನ್ನೇ ಹೇಳಿದರು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತು ಕೈ ಮುಗಿದೆ.