ಉಳಿದ ಮಾತ್ರೆಗಳ ಮಿಸ್ ವರ್ಡೆಲ್

ಹತ್ತಿ ಹೊಲಗಳ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಸ್ಲೇಡ್ ರೋಡಿನ ವೃದ್ಧಾಶ್ರಮದ ಹಿಂಬಾಗಿಲಿಗೆ ಒಂದು ಬಿಳಿ ವ್ಯಾನು ಬಂದು ನಿಲ್ಲುತ್ತದೆ. ನಿಲ್ಲುತ್ತದೆ ಅನ್ನುವುದಕ್ಕಿಂತ, ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತದೆ ಅಂದರೆ ಸರಿ. ಅದರಿಂದ ಒಂದೊಂದೇ ಕಾಲು ಕೆಳಗಿಟ್ಟು, ಬಾಗಿಲು ಹಿಡಿದು, ದೇವರನ್ನೂ ಮೊಣಕಾಲನ್ನೂ ಒಟ್ಟಿಗೆ ಬೈದುಕೊಳ್ಳುತ್ತ ಇಳಿಯುವವರು ವರ್ಡೆಲ್ ಮೇಬ್ರಿ. ವಯಸ್ಸು ಅರವತ್ತು ದಾಟಿದೆ. ಒಳಗಿನಿಂದ ಜೋಳದ ಗಂಜಿ ಕುದಿಯುವ ವಾಸನೆ ಬರುತ್ತಿದೆ. ರಾತ್ರಿ ಪಾಳಿ ಮುಗಿಸುತ್ತಿರುವ ಆಯಾ ಲಕ್ವಿಟಾ ಆಕಳಿಸುತ್ತಲೇ ಬಾಗಿಲು ತೆಗೆಯುತ್ತಾಳೆ.

"ಏನ್ ಮಿಸ್ ವರ್ಡೆಲ್, ಕೋಳಿಗಿಂತ ಮುಂಚೆ ಬಂದ್ಬಿಟ್ರಿ. ಮನೇಲಿ ಹಾಸಿಗೆ ಇಲ್ವಾ?"

"ಐತೆ ಕಣೇ. ಅದ್ರಲ್ಲಿ ಬೆಕ್ಕು ಮಲಗೈತೆ. ಅದನ್ನ ಎಬ್ಸೋ ಧೈರ್ಯ ನನಗಿಲ್ಲ. ಏನ್ ಉಳ್ದೈತೆ ತೋರ್ಸು."

ಲಕ್ವಿಟಾ ಒಂದು ಪ್ಲಾಸ್ಟಿಕ್ ತೊಟ್ಟಿಯನ್ನು ಮುಂದೆ ತಳ್ಳುತ್ತಾಳೆ. ಅದರ ತುಂಬ ಮಾತ್ರೆ ಕಾರ್ಡುಗಳು. ಗಟ್ಟಿ ಕಾಗದದ ಮೇಲೆ ಒಂದೊಂದು ಮಾತ್ರೆಗೂ ಒಂದೊಂದು ಪುಟ್ಟ ಗೂಡು. ಅರ್ಧ ಗೂಡು ಖಾಲಿ, ಅರ್ಧ ಹಾಗೇ ಮುಚ್ಚಿದೆ. ಆಶ್ರಮದ ಹಿರಿಯರೊಬ್ಬರು ತೀರಿಕೊಂಡರೆ, ಆಸ್ಪತ್ರೆ ಸೇರಿದರೆ, ವೈದ್ಯರು ಮದ್ದು ಬದಲಾಯಿಸಿದರೆ ಹೀಗೆ ಉಳಿಯುತ್ತವೆ. ವರ್ಡೆಲ್ ಕನ್ನಡಕ ಏರಿಸಿ ಒಂದೊಂದನ್ನೇ ತಿರುವಿ ಹಾಕುತ್ತಾರೆ. ಸಕ್ಕರೆ ಕಾಯಿಲೆಯದು ಇದೆ, ರಕ್ತದೊತ್ತಡದ್ದು ಇದೆ, ಹೊಟ್ಟೆ ಉರಿಗೆ ನುಂಗುವುದು ಬೇಕಾದಷ್ಟಿದೆ. ತೊಟ್ಟಿಯ ತಳ ಕಂಡಾಗ ಅವರ ಮುಖ ಇಳಿಯುತ್ತದೆ.

"ಓಥಾದು ಇಲ್ಲ," ಅನ್ನುತ್ತಾರೆ.

ಓಥಾ ಗೇನ್ಸ್ ಕ್ಯಾಟ್‌ಫಿಶ್ ಕಾರ್ಖಾನೆಯಲ್ಲಿ ಮೀನು ಸೀಳುವವನು. ದಿನವಿಡೀ ಒದ್ದೆ ನೆಲದ ಮೇಲೆ ನಿಂತೇ ಕೆಲಸ. ಕಳೆದ ಚಳಿಗಾಲದಲ್ಲಿ ಅವನ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿತು, ಸಾಯಬೇಕಿದ್ದವನು ಬದುಕಿದ. ಅಂದಿನಿಂದ ರಕ್ತ ಹೆಪ್ಪುಗಟ್ಟದ ಹಾಗೆ ಬೆಳಿಗ್ಗೆ ಸಂಜೆ ಒಂದೊಂದು ಮಾತ್ರೆ ನುಂಗಬೇಕು, ತಪ್ಪಿಸುವಂತಿಲ್ಲ. ಅಂಗಡಿಯಲ್ಲಿ ಅದರ ಬೆಲೆ ಕೇಳಿದರೆ ಆರೋಗ್ಯವಂತನಿಗೂ ಎದೆ ಹಿಡಿದುಕೊಳ್ಳುತ್ತದೆ. ಸರ್ಕಾರದ ನೆರವು ಸಿಗಲು ಅವನ ಸಂಬಳ ಹೆಚ್ಚಾಯಿತಂತೆ, ವಿಮೆ ಕೊಳ್ಳಲು ಸಾಲದಂತೆ. ಅವನ ಕೊನೆಯ ಮಾತ್ರೆ ಇವತ್ತು ಬೆಳಿಗ್ಗೆಗೆ ಮುಗಿಯುತ್ತದೆ. ಇವತ್ತು ಶುಕ್ರವಾರ. ಇವತ್ತು ಬಿಟ್ಟರೆ ಸೋಮವಾರದವರೆಗೆ ಯಾವ ಆಶ್ರಮವೂ ಕಾರ್ಡು ಕೊಡುವುದಿಲ್ಲ.

ಈ ಮಾತ್ರೆಗಳು ಮೊದಲು ಎಲ್ಲಿಗೆ ಹೋಗುತ್ತಿದ್ದವು ಎಂಬುದನ್ನು ವರ್ಡೆಲ್ ಬಾಯಲ್ಲೇ ಕೇಳಬೇಕು. ಬಹಳ ವರ್ಷ ಇದೇ ಸ್ಲೇಡ್ ರೋಡಿನ ಆಶ್ರಮದಲ್ಲಿ ಅವರು ಆಯಾ ಆಗಿದ್ದವರು.

"ಸಂಡಾಸಿಗೆ," ಅನ್ನುತ್ತಾರೆ, ವ್ಯಾನು ಓಡಿಸುತ್ತ, ಪಕ್ಕದ ಸೀಟಿನಲ್ಲಿ ಕೂತು ಕೇಳುತ್ತಿರುವ ನನಗೆ. "ಕಾಯ್ದೆ ಹಂಗಿತ್ತು. ಒಬ್ಬ ನರ್ಸು ಸಾಕ್ಷಿಗೆ ನಿಂತ್ಕೊಳ್ಳೋಳು, ನಾನು ಒಂದೊಂದೇ ಮಾತ್ರೆ ಒತ್ತಿ ಒತ್ತಿ ತೆಗ್ದು ಒಳಗೆ ಹಾಕ್ಬೇಕು. ಹೆಬ್ಬೆರಳು ಊದ್ಕೊಳ್ಳೋದು. ಹೊಸಾ ಮಾತ್ರೆ, ಯಾರೂ ಮುಟ್ಟಿಲ್ಲ. ನೀರ್ ಬಿಟ್ರೆ ಗುಳುಂ ಅಂತ ಹೋಗೋದು."

ಆ ಕಾಲಕ್ಕೆ ಅವರ ತಂಗಿ ಮೊಜೆಲ್ ಊರ ಇನ್ನೊಂದು ತುದಿಯಲ್ಲಿದ್ದಳು. ಅವಳಿಗೆ ರಕ್ತದೊತ್ತಡ. ಮಾತ್ರೆ ತಿಂಗಳಿಡೀ ಸಾಲಲೆಂದು ಚಾಕುವಿನಲ್ಲಿ ಎರಡು ಹೋಳು ಮಾಡಿ ನುಂಗುತ್ತಿದ್ದಳು. ಅಕ್ಕ ಸಂಡಾಸಿಗೆ ಸುರಿಯುತ್ತಿದ್ದದ್ದೂ ಅದೇ ಮಾತ್ರೆ.

"ಒಂದಿನ ಒಂದು ಕಾರ್ಡ್ ಏಪ್ರನ್ ಜೇಬಿಗೆ ಹಾಕ್ಕೊಂಡೆ. ಬಾಗಿಲ್ ತಂಕ ಬಂದೆ. ಕಳ್ಳಿ ಅಂತಾರಲ್ಲ ಅಂತ ವಾಪಸ್ ಹೋಗಿ ಇಟ್ಬಿಟ್ಟೆ. ಆ ಬೇಸಿಗೇಲೇ ಅವಳಿಗೆ ತಲೇಲಿ ರಕ್ತನಾಳ ಒಡೀತು, ಹೋಗ್ಬಿಟ್ಲು." ತಿರುವಿನಲ್ಲಿ ವ್ಯಾನನ್ನು ಹೊರಳಿಸುತ್ತಾರೆ. ಆಮೇಲೆ, "ಕದೀಬೇಕಿತ್ತು ಕಣ್ರೀ. ದೇವ್ರು ಕ್ಷಮಿಸ್ತಿದ್ದ. ನಾನೇ ನನ್ನ ಕ್ಷಮಿಸ್ಕೊಂಡಿಲ್ಲ."

ಎಂಥಾ ಲೋಕವಿದು! ಒಂದೇ ಊರು, ಒಂದೇ ರಸ್ತೆ. ಆ ತುದಿಯಲ್ಲಿ ಮದ್ದಿಲ್ಲದೆ ಸಾಯುತ್ತಾರೆ, ಈ ತುದಿಯಲ್ಲಿ ಅದೇ ಮದ್ದನ್ನು ಹೊಳೆಗೆ ಕುಡಿಸುತ್ತಾರೆ. ದೊಡ್ಡ ದೊಡ್ಡವರು ಇದನ್ನು ಸರಿಪಡಿಸುತ್ತೇವೆಂದು ಚುನಾವಣೆಗೊಮ್ಮೆ ಬಂದು ಹುರಿದ ಮೀನು ತಿಂದು ಹೋಗುತ್ತಾರೆ. ಕೊನೆಗೆ ಹೇಗೋ ರಾಜ್ಯದ ಕಾಯ್ದೆ ಬದಲಾಗಿ, ಮುಚ್ಚಿದ ಮಾತ್ರೆಯನ್ನು ದಾನ ಕೊಡಬಹುದು ಎಂದಾಯಿತು. ಮುಖ್ಯ ಬೀದಿಯ ಹಳೆಯ ಚಪ್ಪಲಿ ಅಂಗಡಿಯಲ್ಲಿ ಧರ್ಮದ ಔಷಧಾಲಯವೊಂದು ತೆರೆಯಿತು. ನೋಡಿಕೊಳ್ಳಲು ಜೊನೆಲ್ ಪಿಕೆಟ್ ಎಂಬ ಫಾರ್ಮಸಿಸ್ಟ್ ಬಂದಳು. ಆದರೆ ಕಾಯ್ದೆಗೆ ಕಾಲಿಲ್ಲವಲ್ಲ, ಆಶ್ರಮ ಆಶ್ರಮ ಸುತ್ತಿ ಕಾರ್ಡು ತರುವವರು ಯಾರು? ಆಗ ಚರ್ಚಿನ ಹಳೆಯ ವ್ಯಾನಿನ ಬೀಗದ ಕೈ ಕೇಳಿಕೊಂಡು ಬಂದವರು ಈ ವರ್ಡೆಲ್.

ಅವರಿಗೆ ಒಂದು ಅಭ್ಯಾಸವಿದೆ. ಪ್ರತಿ ಕಾರ್ಡಿನ ಮೇಲೂ ಆ ಮಾತ್ರೆ ನುಂಗುತ್ತಿದ್ದವರ ಹೆಸರಿರುತ್ತದೆ. ಔಷಧಾಲಯ ತಲುಪಿದ ಕೂಡಲೇ ಜೊನೆಲ್ ಅದನ್ನು ಮುಚ್ಚುತ್ತಾಳೆ. ಅದಕ್ಕೆ ಮುಂಚೆ, ವ್ಯಾನಿನಲ್ಲಿ ಒಬ್ಬರೇ ಇರುವಾಗ, ವರ್ಡೆಲ್ ಆ ಹೆಸರುಗಳನ್ನು ಜೋರಾಗಿ ಹೇಳಿ ಒಬ್ಬೊಬ್ಬರ ಉಪಕಾರವನ್ನೂ ಸ್ಮರಿಸುತ್ತಾರೆ. ಹಾಡಿನ ಹಾಗೆ, ಊರ ದಾರಿಯುದ್ದಕ್ಕೂ. ಕೊಟ್ಟವರ ಹೆಸರು ಹೇಳದೆ ಉಣ್ಣಬಾರದು ಎಂದು ಅವರ ಅಜ್ಜಿ ಕಲಿಸಿದ್ದರಂತೆ.

ಆ ಅಭ್ಯಾಸವೇ ಈಗ ಕುತ್ತಿಗೆಗೆ ಬಂದಿದೆ.

ಹೊಳೆದಂಡೆಯಲ್ಲಿರುವುದು ಈ ಕಡೆಯ ಅತಿ ದೊಡ್ಡ ವೃದ್ಧಾಶ್ರಮ. ಹೋದ ತಿಂಗಳು ಅಲ್ಲೊಬ್ಬ ಮುದುಕಿ ತೀರಿಕೊಂಡರು. ಅವರ ಮದ್ದು ಬದಲಾದಾಗ ಉಳಿದ ಕಾರ್ಡನ್ನು ವರ್ಡೆಲ್ ಹಿಂದೆಯೇ ಒಯ್ದಿದ್ದರು. ಮಣ್ಣು ಮಾಡಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಬೆಣ್ಣೆ ಕೇಕು ಮಾಡಿಕೊಂಡು ವರ್ಡೆಲ್ ಹೋದರು, ಎಲ್ಲರೂ ಹೋಗುವ ಹಾಗೆ. ಹೋದವರು ಸುಮ್ಮನೆ ಕೈ ಹಿಡಿದು ಬರಬಾರದೆ? ಕೃತಜ್ಞತೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ. "ನಿಮ್ಮಮ್ಮನ ಮನಸ್ಸಿನ ಬೇಸರದ ಮಾತ್ರೆಯಿಂದ ಇನ್ನೊಬ್ಬಳ ಮನೆ ಉಳೀತಮ್ಮ" ಎಂದು ಮಗಳ ಮುಂದೆ ತುಂಬು ಮನಸ್ಸಿನಿಂದ ಹೇಳಿಬಿಟ್ಟರು. ಅಮ್ಮ ಅಂಥ ಮಾತ್ರೆ ನುಂಗುತ್ತಿದ್ದಳೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಪಂಕ್ತಿಗೆಲ್ಲ ಗೊತ್ತಾಯಿತು.

ಮಗಳು ಆಶ್ರಮಕ್ಕೆ ದೂರು ಕೊಟ್ಟಳು. ಹೊಸದಾಗಿ ಬಂದಿದ್ದ ವ್ಯವಸ್ಥಾಪಕ ಡ್ವೈಟ್ ಲ್ಯಾಸಿಟರ್ ಹೆದರಿ, ಮೊನ್ನೆ ಸೋಮವಾರದಿಂದ ಕಾರ್ಡು ಕೊಡುವುದನ್ನೇ ನಿಲ್ಲಿಸಿದರು. ಉಳಿದದ್ದೆಲ್ಲ ಸುಡಲು ಹೋಗಬೇಕು ಎಂದು ಆಜ್ಞೆಯಾಯಿತು.

"ಕ್ಷಮೆ ಕೇಳೋಕೆ ಅವಳ ಮನೆಗೆ ಹೋಗಿದ್ದೆ," ಎನ್ನುತ್ತಾರೆ ವರ್ಡೆಲ್. "ಜಾಲರಿ ಬಾಗ್ಲು ತೆಗೀಲಿಲ್ಲ. ಒಳಗಿಂದಾನೆ, 'ಕೇಕ್ ಚೆನ್ನಾಗಿತ್ತು, ಮಿಸ್ ವರ್ಡೆಲ್. ಇನ್ಮೇಲೆ ಬರ್ಬೇಡಿ' ಅಂದ್ಲು. ಅವಳ್ದು ತಪ್ಪಿಲ್ಲ. ಅವರಮ್ಮ ಬಚ್ಚಿಟ್ಟಿದ್ದನ್ನ ನಾನು ಬಡಿಸ್ಬಿಟ್ಟೆ."

ಸುಡುವ ಕಂಪನಿಯ ಲಾರಿ ಇವತ್ತು ಮಧ್ಯಾಹ್ನ ಹೊಳೆದಂಡೆಗೆ ಬರುತ್ತದೆ. ಓಥಾನ ಮಾತ್ರೆ ಎಲ್ಲಾದರೂ ಇದ್ದರೆ ಅಲ್ಲಿಯೇ ಇರಬೇಕು. ವರ್ಡೆಲ್ ವ್ಯಾನನ್ನು ಅತ್ತ ತಿರುಗಿಸುತ್ತಾರೆ.

ಲ್ಯಾಸಿಟರ್ ಎಳೆಯ ವಯಸ್ಸಿನವರು, ಟೈ ಬಿಗಿಯಾಗಿದೆ, ಕಣ್ಣಿಗೆ ನಿದ್ದೆಯಿಲ್ಲ. ಮೇಜಿನ ಪಕ್ಕದಲ್ಲೇ ಎರಡು ಪೆಟ್ಟಿಗೆ ತುಂಬ ಕಾರ್ಡುಗಳು ಸುಡಲು ಸಿದ್ಧವಾಗಿವೆ.

"ಮಿಸೆಸ್ ಮೇಬ್ರಿ, ದಯವಿಟ್ಟು ನನ್ನ ಕೆಟ್ಟವನು ಅಂದ್ಕೋಬೇಡಿ."

"ಕೆಟ್ಟೋರು ಅಂತ ಯಾರಂದ್ರು? ಹೆದರ್ಕೊಂಡಿದೀರಿ. ನಾನೂ ಹೆದರ್ಕೊಂಡಿದೀನಿ. ನೀವು ವಕೀಲರಿಗೆ, ನಾನು ಇವತ್ತಿನ ಸಂಜೆಗೆ."

"ಹೆಸರು ಹೊರಗೆ ಹೋಗಬಾರದು. ಅಷ್ಟೇ ನನ್ನ ತಲೆನೋವು. ಹೆಸರು ನೋಡಿದವರು ನೀವು, ಹೇಳಿದವರೂ ನೀವು."

"ಹೌದು, ನಾನೇ. ಬಾಯಿ ನಂದು, ತಪ್ಪೂ ನಂದು," ಎನ್ನುತ್ತಾರೆ ವರ್ಡೆಲ್. ಅವರು ಮುಂದೆ ಹೇಳುವ ಮಾತು ಅವರಿಗೆಷ್ಟು ದುಬಾರಿ ಎಂದು ಲ್ಯಾಸಿಟರ್‌ಗೆ ಗೊತ್ತಾಗುವ ಹಾಗಿಲ್ಲ. "ಹಂಗಾದ್ರೆ ನನಗೆ ಹೆಸರೇ ತೋರಿಸ್ಬೇಡಿ. ನೀವೇ ಇಲ್ಲೇ ಮುಚ್ಚಿ ಕೊಡಿ. ಇವತ್ತು ಮಾತ್ರ ಅಲ್ಲ, ಯಾವಾಗ್ಲೂ. ಯಾರು ಕೊಟ್ರು ಅಂತ ನನಗೆ ಗೊತ್ತಾಗೋದೇ ಬೇಡ."

ಲ್ಯಾಸಿಟರ್ ಫೋನೆತ್ತಿ ಮೇಲಿನವರ ಜೊತೆ ಮಾತಾಡುತ್ತಾರೆ. ಹೌದು, ಇಲ್ಲ, ಮುಚ್ಚಿಯೇ, ಹೌದು, ನಾನೇ ಖುದ್ದಾಗಿ. ಫೋನಿಟ್ಟವರು ಟೈ ಸಡಿಲಿಸುತ್ತಾರೆ. ಅಂಟುವ ಬಿಳಿ ಪಟ್ಟಿಯ ಸುರುಳಿ ತರಿಸುತ್ತಾರೆ. ಆದರೆ ಲಾರಿ ಬರುವ ಮುನ್ನ ಎರಡು ಪೆಟ್ಟಿಗೆ ಮುಗಿಯಬೇಕು, ಬಿಡುವಾಗಿರುವ ಆಯಾ ಒಬ್ಬಳೂ ಇಲ್ಲ. ಸರಿ, ವ್ಯವಸ್ಥಾಪಕರೇ ತೋಳು ಮಡಿಸಿ ಕೂರುತ್ತಾರೆ.

ವರ್ಡೆಲ್ ತಮ್ಮ ಕುರ್ಚಿಯನ್ನು ಗರ್ರೆಂದು ಎಳೆದು, ಗೋಡೆಯ ಕಡೆ ಮುಖ ಮಾಡಿ ಕೂತುಬಿಡುತ್ತಾರೆ. ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗಿಯಂತೆ.

"ಅವಧಿ ಮುಗಿಯೋ ತಾರೀಖು ಮುಚ್ಬೇಡಿ ಮತ್ತೆ!" ಗೋಡೆಗೇ ಹೇಳುತ್ತಾರೆ. "ತಾರೀಖ್ ಕಾಣ್ದಿದ್ರೆ ಜೊನೆಲ್ ಎಲ್ಲಾ ಎಸೀತಾಳೆ. ನಿಮ್ಮ ಶ್ರಮ, ನನ್ನ ಪೆಟ್ರೋಲು, ಎರಡೂ ದಂಡ."

"ಮುಚ್ಚಿಲ್ಲ. ಅಂದ್ರೆ... ಒಂದು ಮುಚ್ಚಿದ್ದೆ. ತೆಗೆದೆ."

"ನಿಮ್ಮನ್ನ ಹೆತ್ತೋಳು ಪುಣ್ಯವಂತೆ. ನಿಧಾನಕ್ಕೆ ಮಾಡಿ. ಲಾರಿಯವನಿಗೆ ಕಾಫಿ ಕೊಡ್ಸಿದ್ರಾಯ್ತು."

ಬೆನ್ನ ಹಿಂದೆ ಪಟ್ಟಿ ಹರಿಯುವ ಸದ್ದು ಕೇಳುತ್ತಲೇ ಇರುತ್ತದೆ. ಒಂದೊಂದು ಸದ್ದಿಗೂ ಒಂದೊಂದು ಹೆಸರು ಹೋಯಿತು. ಇಲ್ಲಿರುವ ಎಷ್ಟೋ ಮಂದಿ ಅವರಿಗೆ ಗೊತ್ತಿದ್ದವರೇ, ಒಬ್ಬರು ಪಾಠ ಹೇಳಿದವರು, ಇನ್ನೊಬ್ಬರ ಜೊತೆ ಚರ್ಚಿನಲ್ಲಿ ಹಾಡಿದ್ದು. ಇವತ್ತಿನ ಪೆಟ್ಟಿಗೆಯಲ್ಲಿ ಯಾರಿದ್ದಾರೋ. ವರ್ಡೆಲ್ ಕಣ್ಣೊರೆಸಿಕೊಳ್ಳುತ್ತಾರೆ, ತಿರುಗುವುದಿಲ್ಲ.

ಲಾರಿಯವನು ನಿಜಕ್ಕೂ ಕಾಫಿ ಕುಡಿದು ಬರಿಗೈಯಲ್ಲಿ ಹೋಗುತ್ತಾನೆ. ಪೆಟ್ಟಿಗೆಗಳನ್ನು ಲ್ಯಾಸಿಟರ್ ತಾವೇ ಹೊತ್ತು ವ್ಯಾನಿಗೆ ಇಡುತ್ತಾರೆ. "ಮುಂದಿನ ವಾರವೂ ಬನ್ನಿ," ಎನ್ನುತ್ತಾರೆ. ಕೈಗೆಲ್ಲ ಅಂಟು.

ಚಪ್ಪಲಿ ಅಂಗಡಿಯ ಹಲಗೆಗಳ ಮೇಲೆ ಈಗ ಚಪ್ಪಲಿಯ ಬದಲು ಮಾತ್ರೆ. ಜೊನೆಲ್ ಪೆಟ್ಟಿಗೆ ಬಿಚ್ಚಿ ಒಂದೊಂದೇ ಕಾರ್ಡನ್ನು ದೀಪಕ್ಕೆ ಹಿಡಿಯುತ್ತಾಳೆ. ಗೂಡು ಒಡೆದಿದ್ದರೆ ಬೇಡ, ಅವಧಿ ಮುಗಿದಿದ್ದರೆ ಬೇಡ, ಅದರಲ್ಲಿ ಅವಳು ಅಪ್ಪನ ಮಾತನ್ನೂ ಕೇಳುವವಳಲ್ಲ. ಮೊದಲ ಪೆಟ್ಟಿಗೆ ಮುಗಿಯುತ್ತದೆ. ಇಲ್ಲ. ವರ್ಡೆಲ್ ಕೂರುವುದಿಲ್ಲ, ನಿಂತೇ ನೋಡುತ್ತಾರೆ. ಎರಡನೆಯ ಪೆಟ್ಟಿಗೆಯ ಅರ್ಧದಲ್ಲಿ ಜೊನೆಲ್ ಕೈ ನಿಲ್ಲುತ್ತದೆ.

"ಮಿಸ್ ವರ್ಡೆಲ್, ಇಲ್ನೋಡಿ. ಬರೀ ಎರಡು ಮಾತ್ರೆ ಖರ್ಚಾಗಿದೆ. ಇದರ ಹಿಂದೆ ಇನ್ನೊಂದು ಇಡೀ ಕಾರ್ಡು. ಓಥಾನ ಮಾತ್ರೆಯೇ, ಅವನ ಡೋಸಿನದ್ದೇ. ತಾರೀಖೂ ಇದೆ."

ವರ್ಡೆಲ್ "ಯೇಸಪ್ಪಾ!" ಅಂದವರೇ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂರುತ್ತಾರೆ. ಸ್ಟೂಲು ಕಿರ್ರೆನ್ನುತ್ತದೆ. ಅಳುವೂ ನಗುವೂ ಒಟ್ಟಿಗೇ ಬಂದು, ಯಾವುದನ್ನು ಮೊದಲು ಮುಗಿಸಬೇಕೋ ತಿಳಿಯದೆ ಹಾಗೇ ಕೂತಿರುತ್ತಾರೆ.

ಓಥಾ ಸಂಜೆಯ ಬಿಡುವಿನಲ್ಲಿ ರಬ್ಬರ್ ಬೂಟಿನಲ್ಲೇ ಓಡಿ ಬರುತ್ತಾನೆ. ಬಾಗಿಲಲ್ಲೇ ನಿಲ್ಲುತ್ತಾನೆ, ಮೈಯೆಲ್ಲ ಮೀನು ವಾಸನೆಯೆಂದು ಅವನಿಗೆ ಸಂಕೋಚ.

"ಒಳಗ್ ಬಾರೋ, ನಾವೇನು ಮೀನು ತಿಂದಿಲ್ವಾ?" ಎಂದು ವರ್ಡೆಲ್ ಗದರುತ್ತಾರೆ.

ಬಿಳಿ ಪಟ್ಟಿಯ ಮೇಲೆ ಜೊನೆಲ್ ಅವನ ಹೆಸರಿನ ಚೀಟಿ ಅಂಟಿಸಿ, ಹೇಗೆ ನುಂಗಬೇಕೆಂದು ಇನ್ನೊಮ್ಮೆ ಹೇಳಿ ಕೊಡುತ್ತಾಳೆ. ಅವನು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾನೆ.

"ಯಾರ್ದು ಮಿಸ್ ವರ್ಡೆಲ್ ಇದು?"

ಪ್ರತಿ ಸಲವೂ ಅವನು ಕೇಳುವ ಪ್ರಶ್ನೆ. ಪ್ರತಿ ಸಲವೂ ಅವರು ಹುಬ್ಬು ಹಾರಿಸಿ "ಹೇಳಂಗಿಲ್ಲ" ಅನ್ನುತ್ತಿದ್ದರು, ಗೊತ್ತಿದ್ದವರ ಜಂಬದಲ್ಲಿ. ಇವತ್ತು ಹುಬ್ಬು ಹಾರುವುದಿಲ್ಲ.

"ನನಗೂ ಗೊತ್ತಿಲ್ಲ, ಮಗಾ. ಹೊಳೆದಂಡೆಯಿಂದ ಬಂದಿದ್ದು, ಅಷ್ಟೇ."

"ಇದೊಳ್ಳೆ ಕಷ್ಟಕ್ಕೆ ಬಂತಲ್ಲ," ಎಂದು ಓಥಾ ತಲೆ ಕೆರೆಯುತ್ತಾನೆ. "ಒಬ್ರು ಅಂತ ಗೊತ್ತಿದ್ರೆ ಅವ್ರಿಗೊಂದು ಪ್ರಾರ್ಥನೆ ಮಾಡಿ ಮಲ್ಕೋಬೋದಿತ್ತು. ಈಗ ಹೊಳೆದಂಡೆ ಮನೇಲಿರೋ ಅಷ್ಟೂ ಮುದುಕ್ರಿಗೆ ಮಾಡ್ಬೇಕು."

"ಮಾಡು. ನಿನ್ ಮಂಡಿ ಇನ್ನೂ ಗಟ್ಟಿಯಾಗೈತೆ."

ಅವನು ನಗುತ್ತಾನೆ. ಕಾರ್ಡನ್ನು ಒದ್ದೆಯಾಗದಂತೆ ಅಂಗಿಯ ಒಳಜೇಬಿಗೆ ಸೇರಿಸಿ, ವರ್ಡೆಲ್ ಅವರನ್ನು ಒಮ್ಮೆ ಬಿಗಿಯಾಗಿ ಅಪ್ಪಿಕೊಂಡು ಕಾರ್ಖಾನೆಯ ಕಡೆ ಓಡುತ್ತಾನೆ. ಅಪ್ಪುಗೆಯ ಮೀನು ವಾಸನೆ ಅವರ ಸ್ವೆಟರಿನಲ್ಲೇ ಉಳಿಯುತ್ತದೆ.

ಈ ಕೆಲಸದಿಂದ ಏನು ಬಯಸುತ್ತೀರಿ ಎಂದು ಕೇಳಿದರೆ, "ಈ ಕೆಲ್ಸಾನೇ ಇಲ್ದಂಗೆ ಆಗ್ಬೇಕು," ಎನ್ನುತ್ತಾರೆ ವ್ಯಾನು ಹತ್ತುತ್ತ. "ಬ್ರೆಡ್ ತಗೊಂಡಂಗೆ ಅವನು ಮಾತ್ರೆ ತಗೋಬೇಕು. ಸತ್ತೋರು ಬಿಟ್ಟಿದ್ದಕ್ಕೆ ಬದುಕಿರೋರು ಕಾಯೋ ಹಂಗಾಗ್ಬಾರ್ದು. ಅಲ್ಲೀ ತಂಕ ಓಡಿಸ್ತೀನಿ."

ಹೆಸರುಗಳು ಹೋದ ಬೇಸರವಿಲ್ಲವೇ?

ವರ್ಡೆಲ್ ಬೀಗದ ಕೈ ತಿರುವುತ್ತಾರೆ. ಎರಡು ಸಲ ಕೆಮ್ಮಿ ವ್ಯಾನು ಎದ್ದುಕೊಳ್ಳುತ್ತದೆ.

"ಐತೆ. ಸುಳ್ಳು ಯಾಕ್ ಹೇಳ್ಲಿ? ಇಷ್ಟ್ ದಿನ ಹೋದೋರ ಹೆಸರು ಹೇಳ್ಕೊಂಡು ದಾರಿ ಸವೆಸ್ತಿದ್ದೆ. ಇವತ್ತು ಒಂದೂ ಗೊತ್ತಿಲ್ಲ. ಆದ್ರೆ ಉಳ್ದೋರ ಹೆಸರು ಗೊತ್ತೈತಲ್ಲ, ಅದನ್ನೇ ಹೇಳ್ಕೊಂಡು ಹೋಗ್ತೀನಿ. ಓಥಾ ಗೇನ್ಸ್." ಇನ್ನೊಮ್ಮೆ, ದನಿಯೆತ್ತಿ, ಕಿಟಕಿಯ ಹೊರಗೆ ಬೀದಿಗೆಲ್ಲ ಕೇಳುವ ಹಾಗೆ: "ಓಥಾ ಗೇನ್ಸ್! ಜೋರಾಗಿ ಹೇಳಿದ್ರೂ ಯಾರೂ ದೂರು ಕೊಡಲ್ಲ. ಅವನು ಬದುಕವ್ನೆ."